ಫುಲ್ ಹೌಸಿಗೆ ಒಂಬತ್ತು

ಟಕ್. ಸ್ವಲ್ಪ ಬಿಟ್ಟು, ಟಕ್. ಆಮೇಲೊಂದು ನಿಟ್ಟುಸಿರು.

ಈ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಜೂಜಿನ ಯಂತ್ರದ ಗಾಜಿನ ಮೇಲೆ ನಮ್ಮಣ್ಣನ ತೋರುಬೆರಳಿನ ಉಗುರು ಬಡಿಯುವ ಸದ್ದು. ಹಳೆಯ ಕಾಲದ ಡಾಕ್ಟರುಗಳು ರೋಗಿಯ ಬೆನ್ನ ಮೇಲೆ ಬೆರಳಿಟ್ಟು ಬಡಿದು ನೋಡುತ್ತಿದ್ದರಲ್ಲ, ಹಾಗೆ. ಎರಡನೆಯ ಬಡಿತದ ಮೇಲೆ ನಿಟ್ಟುಸಿರು ಬಂತೆಂದರೆ ಕೇಸ್ ಹೋಪ್‌ಲೆಸ್ ಎಂದು ಅರ್ಥ.

ನೀವು ನಂಬುವುದಾದರೆ ಹೇಳುತ್ತೇನೆ. ನಮ್ಮಣ್ಣ ಇಪ್ಪತ್ತು ವರ್ಷಗಳಲ್ಲಿ ಏಳು ದೇಶಗಳ ಕ್ಯಾಸಿನೋಗಳನ್ನು ಸುತ್ತಿ ಬಂದವನು, ಮತ್ತು ಜೂಜಿನಲ್ಲಿ ಒಂದು ಚಿಕ್ಕಾಸನ್ನೂ ಕಳೆದುಕೊಂಡವನಲ್ಲ. ಅಂಥ ಜಾಣನೇ ಎಂದು ಹುಬ್ಬೇರಿಸಬೇಡಿ. ಅವನು ಒಂದು ಚಿಕ್ಕಾಸನ್ನೂ ಆಡಿಯೇ ಇರಲಿಲ್ಲ!

ಅಣ್ಣ ಬೆಂಗಳೂರಿನ ಒಂದು ವಿಮಾ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೂತು ಒಂದೇ ಕೆಲಸ ಮಾಡಿದ. ಯಾವ ವಯಸ್ಸಿನ ಮನುಷ್ಯ ಎಷ್ಟು ಕಟ್ಟಬೇಕು, ಅವನು ಸತ್ತರೆ ಹೆಂಡತಿಗೆ ಎಷ್ಟು ಕೊಡಬೇಕು, ನಡುವೆ ಕಂಪನಿಗೆ ಎಷ್ಟು ಉಳಿಯಬೇಕು ಎಂಬ ಟೇಬಲ್ ತಯಾರಿಸುವುದು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, ಆಡ್ಸ್ ನೋಡಿದೆ, ಸರಿ ಬರಲಿಲ್ಲ ಎನ್ನುತ್ತಿದ್ದ. ರಿಟೈರಾದ ಮೇಲೆ ಅವನ ಸ್ನೇಹಿತರು ಕಾಶಿಗೆ ಹೋದರು, ವಾಕಿಂಗ್ ಹೋದರು, ಅಪಾರ್ಟ್‌ಮೆಂಟಿನ ಸೆಕ್ರೆಟರಿಗಳಾಗಿ ನೆರೆಹೊರೆಯವರ ಪ್ರಾಣ ತಿಂದರು. ಇವನೊಬ್ಬ ಮಾತ್ರ ವಿಡಿಯೋ ಪೋಕರ್ ಹುಡುಕಿಕೊಂಡು ದೇಶಾಂತರ ಹೊರಟ.

ವಿಡಿಯೋ ಪೋಕರ್ ಎಂದರೆ ಏನು ಎಂದು ನನ್ನಂತೆ ಕೇಳುವವರಿಗಾಗಿ ಎರಡು ಮಾತು. ಟೀವಿಯಂಥ ಒಂದು ಯಂತ್ರ ಐದು ಇಸ್ಪೀಟಿನ ಎಲೆ ಹಾಕುತ್ತದೆ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟರೆ, ಬಿಟ್ಟಷ್ಟಕ್ಕೆ ಹೊಸ ಎಲೆ ಕೊಡುತ್ತದೆ. ಕೊನೆಗೆ ಕೈಯಲ್ಲೇನು ಉಳಿಯಿತೋ ಅದಕ್ಕೆ ತಕ್ಕ ಪ್ರತಿಫಲ. ಎರಡು ಜೋಡಿಗೆ ಎರಡರಷ್ಟು, ಒಂದೇ ಥರದ ಮೂರು ಎಲೆಗೆ ಮೂರರಷ್ಟು, ಹೀಗೆ. ಆ ಪಟ್ಟಿ ಯಂತ್ರದ ಹಣೆಯ ಮೇಲೇ ಬರೆದಿರುತ್ತದೆ. ನಮ್ಮಣ್ಣ ನೋಡುತ್ತಿದ್ದುದು ಆ ಪಟ್ಟಿಯ ಎರಡೇ ಎರಡು ಸಾಲು. ಮೂರು ಒಂದು ಥರ, ಎರಡು ಇನ್ನೊಂದು ಥರ ಬರುವ ಫುಲ್ ಹೌಸಿಗೆ ಒಂಬತ್ತರಷ್ಟು, ಐದೂ ಒಂದೇ ಜಾತಿಯ ಎಲೆಯಾಗುವ ಫ್ಲಶ್‌ಗೆ ಆರರಷ್ಟು ಕೊಡುವ ಯಂತ್ರ ಮರ್ಯಾದಸ್ಥ. ಎಂಟು, ಐದು ಎಂದಿದ್ದರೆ ಕಳ್ಳ. ಹೊರಗಿನಿಂದ ಎರಡೂ ಒಂದೇ! ಅದೇ ದೀಪ, ಅದೇ ಸಂಗೀತ, ಅದೇ ಥಳಕು. ನೂರಕ್ಕೆ ತೊಂಬತ್ತು ಜನ ಪಟ್ಟಿ ನೋಡುವುದೇ ಇಲ್ಲವಂತೆ. ತಕ್ಕಡಿ ನೋಡದೆ ಅಕ್ಕಿ ತರುವವರು ಎಂದು ಅವರನ್ನು ಬೈಯುತ್ತಿದ್ದ.

ಒಂಬತ್ತು-ಆರರ ಯಂತ್ರದಲ್ಲಿ ತಪ್ಪಿಲ್ಲದೆ ಆಡಿದರೆ ಕಂಪನಿಗೆ ಉಳಿಯುವುದು ಏನೇನೂ ಇಲ್ಲ, ನೂರಕ್ಕೆ ಅರ್ಧವೂ ಇಲ್ಲ. ಅಷ್ಟಕ್ಕೋಸ್ಕರ ಇಷ್ಟು ದೂರವೇ ಎಂದು ನಾನೊಮ್ಮೆ ಕೇಳಿದ್ದೆ.

"ನಾನು ಇಡೀ ಜೀವನ ಕಂಪನಿ ಪಕ್ಕದಲ್ಲಿ ಕೂತವನು ಕಣೇ, ಕಾನ್ವೆಂಟು," ಎಂದಿದ್ದ. "ಒಂದೇ ಒಂದು ಸಲ ಆ ಕಡೆ ಕುರ್ಚೀಲಿ ಕೂತ್ಕೋಬೇಕು. ಮೋಸ ಇಲ್ಲದ ಕುರ್ಚೀಲಿ."

ಕಾನ್ವೆಂಟು ಎಂದರೆ ನಾನೇ. ಅಪ್ಪನಿಗೆ ಒಬ್ಬರ ಫೀಸು ಕಟ್ಟುವಷ್ಟೇ ಶಕ್ತಿಯಿತ್ತು. ನನಗೆ ಪಿನಾಫೋರು, ಟೈ, ಮಾರಲ್ ಸೈನ್ಸ್. ಅಣ್ಣನಿಗೆ ಕಾರ್ಪೊರೇಷನ್ ಶಾಲೆ ಮತ್ತು ನನ್ನನ್ನು ಬಸ್ಸಿನವರೆಗೆ ಬಿಡುವ ಡ್ಯೂಟಿ. ಆ ಸೇಡನ್ನು ಅವನು ಅರವತ್ತೈದು ವರ್ಷ ಒಂದೇ ಪದದಲ್ಲಿ ತೀರಿಸಿಕೊಂಡ.

ಕಠ್ಮಂಡುವಿನಲ್ಲಿ ಅವನಿಗೆ ಆರು-ಐದರ ಯಂತ್ರ ಸಿಕ್ಕಿತು. ಅಂದರೆ ಕಳ್ಳನಲ್ಲ, ದರೋಡೆಕೋರ! ಅಣ್ಣ ಬಾಯಿ ಮುಚ್ಚಿಕೊಂಡು ಬರಬೇಕೋ ಬೇಡವೋ? ನಾಲ್ಕು ಪುಟ ಲೆಕ್ಕ ಬರೆದು ಮ್ಯಾನೇಜರಿಗೆ ಕೊಟ್ಟ. ಬೌನ್ಸರುಗಳು ಬಂದು ಎತ್ತಿ ಆಚೆ ಹಾಕುತ್ತಾರೆಂದು ಜೊತೆಗಿದ್ದ ಸ್ನೇಹಿತ ಆಗಲೇ ಬಾಗಿಲ ಬಳಿ ನಿಂತಿದ್ದನಂತೆ. ಮ್ಯಾನೇಜರು ನಾಲ್ಕೂ ಪುಟ ಓದಿ, ಊಟ ತರಿಸಿ, ತನ್ನ ಮಗಳ ಹೆಸರಿನಲ್ಲಿ ಯಾವ ಪಾಲಿಸಿ ಮಾಡಿಸಿದರೆ ಒಳ್ಳೆಯದು ಸಾರ್ ಎಂದು ಕೇಳಿದ.

ಲಾಸ್ ವೇಗಾಸಿನಲ್ಲಿ ಒಂಬತ್ತು-ಆರು ನಿಜವಾಗಿಯೂ ಸಿಕ್ಕಿತು. ಒಂದೇ ಒಂದು, ಶೌಚಾಲಯದ ಪಕ್ಕದ ಮೂಲೆಯಲ್ಲಿ. ಅದರ ಮುಂದೆ ಒಬ್ಬ ಮುದುಕಿ, ಪಕ್ಕದಲ್ಲಿ ಅವಳ ಆಕ್ಸಿಜನ್ ಸಿಲಿಂಡರು. ಅಣ್ಣ ಒಂದು ದಿನವಿಡೀ ಹಿಂದೆ ನಿಂತ. ಮರುದಿನ ಬೆಳಿಗ್ಗೆ ಹೋದರೆ ಅವಳೇ! ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸ್ನೇಹಿತರಾಗಿ, ಅವಳು ಊಟಕ್ಕೆ ಹೋಗುವಾಗ ಕುರ್ಚಿ ಕಾಯುವ ಕೆಲಸ ಇವನಿಗೆ ಕೊಟ್ಟಳು. ಇವನು ಕಾದ. ಆಡಲಿಲ್ಲವೇ ಎಂದು ಕೇಳಿದ್ದಕ್ಕೆ, "ಅವಳು ನನ್ನ ನಂಬಿ ಹೋಗಿದ್ಳು," ಎಂದ. ಇಂಥವನನ್ನು ಇಟ್ಟುಕೊಂಡು ಯಾವ ಸಂಸಾರ ಉದ್ಧಾರವಾಗುತ್ತಿತ್ತು, ನೀವೇ ಹೇಳಿ.

ಹೀಗಿರುವಾಗ ಕಳೆದ ವರ್ಷ ಅವನ ಸವಾರಿ ನಾನಿರುವ ಸ್ವೀಡನ್ನಿಗೆ ಬರುವುದೆಂದು ತೀರ್ಮಾನವಾಯಿತು. ನಾನು ಈ ದೇಶಕ್ಕೆ ಬಂದು ಒಂದು ಜೀವಮಾನವೇ ಆಯಿತು. ನನ್ನವರು ಟ್ರೋಲ್‌ಹೆಟ್ಟನ್ನಿನಲ್ಲಿ ವಿಮಾನದ ಇಂಜಿನ್ ತಯಾರಿಸುವ ಕಡೆ ಕೆಲಸಕ್ಕಿದ್ದರು. ನಾನು ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಕಂಡವರ ಮಕ್ಕಳ ಮೂಗೊರೆಸುತ್ತಾ ಅವರಿಂದಲೇ ಸ್ವೀಡಿಶ್ ಕಲಿತೆ. ನನ್ನವರು ತೀರಿಕೊಂಡ ಮೇಲೆ, ರಾಜಧಾನಿಗೆ ಬಂದು, ಮಗಳು ವೀಣಾಳ ಆಫೀಸಿರುವ ಕಿಸ್ಟಾ ಬಡಾವಣೆಯಿಂದ ಮೆಟ್ರೋದಲ್ಲಿ ಎರಡು ಸ್ಟೇಷನ್ ಆಚೆ ಎರಡು ಕೋಣೆಯ ಮನೆ ಮಾಡಿದ್ದೇನೆ. ಇಷ್ಟು ವರ್ಷ ಕರೆದರೂ ಬಾರದ ಅಣ್ಣ ಈಗ ತಾನಾಗಿಯೇ ಬರುತ್ತೇನೆ ಎಂದಾಗ ನನಗೆ ಅನುಮಾನ ಬರಬೇಕಿತ್ತು. ಐ ವಾಸ್ ಟೂ ಹ್ಯಾಪಿ ಟು ಬಿ ಸಸ್ಪಿಷಸ್.

ಬೇಸಿಗೆಯಲ್ಲೇ ಬರಬೇಕಾದವನು ಬಂದದ್ದು ನವೆಂಬರಿನಲ್ಲಿ. ಏಕೆಂದರೆ ವೀಸಾ ಅರ್ಜಿಯಲ್ಲಿ ಭೇಟಿಯ ಉದ್ದೇಶ ಎಂಬ ಕಡೆ ಈ ಮಹಾನುಭಾವ, ವಿಡಿಯೋ ಪೋಕರ್ ಯಂತ್ರಗಳ ಪರಿಶೀಲನೆ ಎಂದು ಸತ್ಯವನ್ನೇ ಬರೆದಿದ್ದ! ಟ್ರಾವೆಲ್ ಏಜೆಂಟು ತಲೆ ಚಚ್ಚಿಕೊಂಡು, ತಂಗಿಯನ್ನು ನೋಡಲು ಎಂದು ಬರೆಯಿರಿ ಸಾರ್ ಎಂದ. ಅದು ಗೌಣ ಕಾರಣ ಎಂದು ಇವನು ವಾದಕ್ಕೆ ನಿಂತ. ಆ ವಾದ ಮುಗಿದು ಎಲ್ಲ ಮತ್ತೆ ಮೊದಲಿನಿಂದ ಆಗುವಾಗ ಮೂರು ತಿಂಗಳು ಕಳೆದಿತ್ತು.

ಬಂದವನು ಮೊದಲಿನಂತೆಯೇ ಇದ್ದ. ಅದೇ ಕಂದು ಮಫ್ಲರು, ಅದೇ ಕೊಂಕು. ಆದರೆ ಒಂದು ಹೊಸ ಅಭ್ಯಾಸ. ಸ್ಟೇಷನ್ನಿನ ಬೋರ್ಡು, ಹೋಟೆಲಿನ ಮೆನು, ಹಾಲಿನ ಡಬ್ಬಿ, ಏನು ಕಂಡರೂ ನನ್ನಿಂದ ಓದಿಸುವುದು. "ಓದು, ಕಾನ್ವೆಂಟು, ನಿನ್ನ ಸ್ವೀಡಿಶ್ ಕೇಳೋಣ." ನಾನೂ ಉಬ್ಬಿಹೋಗಿ ಓದುತ್ತಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಎಜುಕೇಷನ್ನಿಗೆ ಬೆಲೆ ಬಂತಲ್ಲ ಎಂದು! ಮಾತಾಡುವಾಗ ನನ್ನನ್ನು ಬಿಟ್ಟು ನನ್ನ ಪಕ್ಕದಲ್ಲಿ ಇನ್ಯಾರೋ ಇರುವಂತೆ ಕತ್ತು ಓರೆ ಮಾಡಿ ನೋಡುತ್ತಿದ್ದ. ಕುತ್ತಿಗೆ ನೋವೇ ಎಂದು ಕೇಳಿದೆ. ಹೌದು, ವಿಮಾನದ ಸೀಟು ಎಂದ.

ಮೂರನೆಯ ದಿನ ನಮ್ಮ ಮನೆಯ ಹತ್ತಿರದ ಪಿಟ್ಸಾ ಅಂಗಡಿಗೆ ಹೋದೆವು. ಅಲ್ಲಿ ಪುಕ್ಕಟೆ ಕೊಡುವ ಎಲೆಕೋಸಿನ ಸಲಾಡಿನ ಪಕ್ಕ ಒಂದು ಜೂಜಿನ ಯಂತ್ರವಿದೆ. ಅಣ್ಣ ಎದ್ದು ಹೋಗಿ ಅದರ ಮುಂದೆ ಗಂಭೀರವಾಗಿ ನಿಂತ. ಟಕ್. "ಎಂಟು." ಟಕ್. "ಐದು." ನಿಟ್ಟುಸಿರು. "ಇಲ್ಲೂ ಅಷ್ಟೇ. ಬಾ ಹೋಗೋಣ."

ನಾನು ಸಲಾಡಿನ ತಟ್ಟೆ ಹಿಡಿದುಕೊಂಡು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಆ ಪರದೆಯ ಮೇಲೆ ಇದ್ದದ್ದು ಚೆರ್ರಿ, ನಿಂಬೆಹಣ್ಣು, ಗಂಟೆ. ಎಲೆಗಳೇ ಇರಲಿಲ್ಲ. ಅದು ಪೋಕರ್ ಯಂತ್ರವೇ ಅಲ್ಲ.

ತಟ್ಟೆಯನ್ನು ಅಲ್ಲೇ ಇಟ್ಟು ಅವನ ಹಿಂದೆ ಹೊರಟೆ. ಬೇರೆಯವರ ಕೊರತೆಯನ್ನು ಎತ್ತಿ ತೋರಿಸಬಾರದೆಂದು ನಮಗೆ ಕಾನ್ವೆಂಟಿನಲ್ಲಿ ಬೆತ್ತದ ಸಮೇತ ಕಲಿಸಿದ್ದರು. ಹೊರಗೆ ಬಂದಾಗ ಎದುರಿಗೆ ಸೈಕಲ್ ಬಂತು. ಅಣ್ಣ ಸಲೀಸಾಗಿ ಪಕ್ಕಕ್ಕೆ ಸರಿದ. ಹಾಗಾದರೆ ಕಾಣುತ್ತದಲ್ಲ? ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಮನೆವರೆಗೂ ಅವನ ಹೆಜ್ಜೆಗಳನ್ನೇ ನೋಡುತ್ತಾ ಬಂದೆ.

ಅದೇ ಸಂಜೆ ಅವನು ಇನ್ನೊಂದು ರಾಗ ತೆಗೆದ. ಇಲ್ಲಿ ಅಂಗಡಿಗಳ ಯಂತ್ರದಲ್ಲಿ ಆಡಬೇಕಾದರೆ ಹೆಸರು ನೋಂದಾಯಿಸಿದ ಕಾರ್ಡು ಬೇಕು, ಅದಕ್ಕೆ ಪೆರ್ಸೂನ್‌ನುಮ್ಮೆರ್, ಅಂದರೆ ನಮ್ಮ ಆಧಾರ್‌ನಂಥ ನಂಬರು, ಬೇಕು. ಸ್ವೀಡನ್ನಿನಲ್ಲಿ ಆ ನಂಬರಿಲ್ಲದವನು ಮನುಷ್ಯನೇ ಅಲ್ಲ ಬಿಡಿ. ಅಣ್ಣ ನನ್ನದನ್ನು ಕೇಳಿದ. ವೀಣಾ ಕಾಫಿ ಲೋಟ ಕೆಳಗಿಟ್ಟು, ಎಪ್ಪತ್ತನಾಲ್ಕು ವರ್ಷದ ತನ್ನ ತಾಯಿಯ ಹೆಸರು ಜೂಜುಕೋರರ ಪಟ್ಟಿಯಲ್ಲಿ ಸೇರುವುದು ತನ್ನ ಹೆಣದ ಮೇಲೆ ಎಂದಳು. ಹಾಗಾದರೆ ಹಡಗೇ ಸರಿ ಎಂದ ಅಣ್ಣ. ಓಲಂಡ್ ದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಪೋಕರ್ ಯಂತ್ರಗಳಿವೆ, ಯಾವ ಕಾರ್ಡನ್ನೂ ಕೇಳುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರಂತೆ.

"ಮಾಮ, ಅದು ಊರು ನೋಡೋ ಹಡಗಲ್ಲ," ಎಂದಳು ವೀಣಾ. "ಅಗ್ಗಕ್ಕೆ ಕುಡಿಯೋಕೆ ಹೋಗೋ ಹಡಗು."

"ಕುಡಿದವರ ಮಧ್ಯೆ ಪಟ್ಟಿ ಓದೋನು ನಾನೊಬ್ಬನೇ ಇರ್ತೀನಿ. ಒಳ್ಳೇದೇ ಆಯ್ತಲ್ಲ."

ನಾನು ಬೇಡವೆನ್ನಬೇಕೆಂದೇ ಇದ್ದೆ. ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗುತ್ತಾ, ಟಿಕೆಟ್ಟಿಗೆ ಬೇಕಾದೀತು, ಪಾಸ್‌ಪೋರ್ಟು ಚೀಲದಲ್ಲಿದೆ ನೋಡು ಎಂದು ಕೂಗಿ ಹೇಳಿದ. ತೆಗೆದೆ. ಅದರೊಳಗಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಬಿತ್ತು. ಗ್ರಾಫ್ ಕಾಗದದಂತೆ ಚೌಕುಳಿ ಹೊಡೆದ ಪುಟ್ಟ ಕಾರ್ಡುಗಳು, ಪ್ರತಿಯೊಂದರ ನಡುವೆ ಒಂದು ಕಪ್ಪು ಚುಕ್ಕೆ. ಇದು ನನಗೆ ಗೊತ್ತು, ನಮ್ಮವರ ತಾಯಿಗೂ ಕೊಟ್ಟಿದ್ದರು. ಕಣ್ಣಿನ ಪೊರೆಯಲ್ಲ, ಕಣ್ಣಿನ ನಡುಭಾಗವೇ ಸವೆಯುವ ಕಾಯಿಲೆಗೆ. ಒಂದು ಕಣ್ಣು ಮುಚ್ಚಿ ಚುಕ್ಕೆ ನೋಡಬೇಕು, ಎಲ್ಲಿ ಗೆರೆ ಮಾಯವಾಗುತ್ತದೆ ಎಂದು ಗಮನಿಸಬೇಕು. ಅಣ್ಣ ಸುಮ್ಮನೆ ಗಮನಿಸುವವನೇ? ಪ್ರತಿ ತಿಂಗಳ ಕಾರ್ಡಿನಲ್ಲಿ ಮಾಯವಾದ ಚೌಕಗಳನ್ನು ಪೆನ್ಸಿಲಿನಿಂದ ತುಂಬಿದ್ದ. ಜನವರಿಯಲ್ಲಿ ಒಂದು ಹೆಸರುಕಾಳಿನಷ್ಟು. ಮೇ ತಿಂಗಳಲ್ಲಿ ಹುಣಿಸೆಬೀಜದಷ್ಟು. ಜುಲೈ ಕಾರ್ಡಿನ ಹಿಂದೆ ಲೆಕ್ಕ ಹಾಕಿ, ಅಕ್ಟೋಬರಿಗೆ ಪಟ್ಟಿ ಓದಲಾಗದು ಎಂದು ಬರೆದು ಅಡಿಗೆರೆ ಎಳೆದಿದ್ದ. ಅಕ್ಟೋಬರಿನ ಕಾರ್ಡಿನಲ್ಲಿ ನಡುವಿನ ಚುಕ್ಕೆಯೂ ಪೆನ್ಸಿಲಿನ ಕೆಳಗೆ ಹೋಗಿತ್ತು. ನವೆಂಬರಿನದು ಖಾಲಿ. ಗೆರೆಯೊಳಗೆ ತುಂಬಲು ಪೆನ್ಸಿಲೇ ಕಾಣದಿದ್ದರೆ?

ಅಣ್ಣನ ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ.

ಕಟ್ಟನ್ನು ಹೇಗಿತ್ತೋ ಹಾಗೆ ಒಳಗಿಟ್ಟು ಎರಡು ಟಿಕೆಟ್ ತೆಗೆಸಿದೆ. ವೀಣಾಳಿಗೆ ದ್ವೀಪ ನೋಡಲು ಎಂದು ಹೇಳಿದೆ.

ಎರಡು ಗಂಟೆ ಬಸ್ಸು. ಆಮೇಲೆ ಹಡಗು. ಇಳಿಯದೆ ಅದರಲ್ಲೇ ವಾಪಸು ಬರುವುದು ಇಲ್ಲಿನ ಪದ್ಧತಿ. ಬೆಳಿಗ್ಗೆ ಹನ್ನೊಂದಕ್ಕೇ ವಾದ್ಯದವರು ಬಾರಿಸುತ್ತಿದ್ದರು, ನನ್ನ ವಯಸ್ಸಿನ ಸ್ವೀಡಿಶ್ ದಂಪತಿಗಳು ಕೆನ್ನೆಗೆ ಕೆನ್ನೆ ಹಚ್ಚಿ ಡ್ಯಾನ್ಸ್ ಮಾಡುತ್ತಿದ್ದರು. ಅವರನ್ನು ದಾಟಿದರೆ ಯಂತ್ರಗಳ ಸಾಲು. ಕೊನೆಯದು ಪೋಕರ್. ಈ ಸಲ ನಿಜವಾದ ಪೋಕರ್, ನಾನೇ ಮೊದಲು ನೋಡಿ ಖಾತ್ರಿ ಮಾಡಿಕೊಂಡೆ.

ಅಣ್ಣ ಅದರ ಮುಂದೆ ನಿಂತ. ಬೆರಳೆತ್ತಿದ. ಬಡಿಯಲಿಲ್ಲ. ಕತ್ತನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಕೋಳಿ ನೋಡುವಂತೆ ನೋಡಿದ. ಆಮೇಲೆ ಬಲು ಉದಾಸೀನದ ದನಿಯಲ್ಲಿ ಕೇಳಿದ.

"ಸ್ವೀಡಿಶಿನಲ್ಲಿ ಬರೆದಿದಾರಲ್ಲ. ಓದು, ಕಾನ್ವೆಂಟು. ಫುಲ್ ಹೌಸಿಗೆ ಎಷ್ಟು?"

ಇಲ್ಲಿ ಫುಲ್ ಹೌಸನ್ನು ಕೋಕ್ ಎನ್ನುತ್ತಾರೆ. ಆ ಪದದ ಎದುರು ಎದ್ದು ಕಾಣುವಂತೆ ಹಳದಿಯಲ್ಲಿ ಎಂಟು ಎಂದಿತ್ತು. ಅದರ ಕೆಳಗೆ ಐದು.

ಏನು ಮಾಡುತ್ತಿದ್ದಿರಿ ನೀವು? ನಿಜ ಹೇಳಿದರೆ ಅವನು ನಿಟ್ಟುಸಿರಿಟ್ಟು ಕಾಫಿಗೆ ಹೊರಡುತ್ತಾನೆ. ಇಪ್ಪತ್ತು ವರ್ಷದ ಹುಡುಕಾಟ ಇಲ್ಲಿಗೆ ಮುಗಿಯುತ್ತದೆ. ಇನ್ನೊಂದು ದೇಶ, ಇನ್ನೊಂದು ಯಂತ್ರ ಎಂದು ನನ್ನನ್ನು ನಂಬಿಸುತ್ತಾನೆ. ಆ ಸುಳ್ಳಿಗೆ ನಾನು ತಲೆಯಾಡಿಸಬೇಕು. ಯಾರಾದರೊಬ್ಬರು ಸುಳ್ಳು ಹೇಳಲೇಬೇಕಾದರೆ ನಾನೇ ಹೇಳಬಾರದೇಕೆ?

"ಒಂಬತ್ತು," ಎಂದೆ.

ಅವನು ಉಸಿರು ಹಿಡಿದದ್ದು ಗೊತ್ತಾಯಿತು. "ಫ್ಲಶ್‌ಗೆ?"

"ಆರು."

"ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳು."

"ಒಂಬತ್ತು. ಆರು."

ಯೇಸುವಿನ ಶಿಷ್ಯ ಪೀಟರ್ ಮೂರು ಸಲ ಸುಳ್ಳು ಹೇಳಿದಾಗ ಕೋಳಿ ಕೂಗಿತೆಂದು ನಮ್ಮ ಸಿಸ್ಟರ್ ಕಣ್ಣೀರಿಟ್ಟು ಪಾಠ ಮಾಡುತ್ತಿದ್ದರು. ಪುಣ್ಯಕ್ಕೆ ಅಣ್ಣ ಮೂರನೆಯ ಸಲ ಕೇಳಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡ. ಕರ್ಚೀಫಿನಿಂದ ಎರಡೂ ಕೈ ಒರೆಸಿಕೊಂಡ. ದೇವರ ಮುಂದೆ ಕೂರುವಂತೆ ಆ ಸ್ಟೂಲಿನ ಮೇಲೆ ಕೂತ. ನಿನಗೆ ಕಲಿಸುತ್ತೇನೆ, ನೀನು ಎಲೆ ಓದು, ಬಟನ್ ಒತ್ತು, ಏನು ಇಡಬೇಕೆಂದು ನಾನು ಹೇಳುತ್ತೇನೆ ಎಂದ. ಗುರು ಶಿಷ್ಯೆ ಇಬ್ಬರಿಗೂ ಈ ಏರ್ಪಾಟು ಬಹಳ ಅನುಕೂಲವಾಗಿತ್ತು.

"ಇಸ್ಪೀಟ್ ರಾಜ, ಡೈಮನ್ ಗುಲಾಮ, ಆಟೀನ್ ಗುಲಾಮ, ಕಳಾವರ್ ಮೂರು, ಇಸ್ಪೀಟ್ ಎಂಟು," ಎಂದು ನಾನು ಓದಿದೆ.

"ಎರಡು ಗುಲಾಮ ಇಟ್ಕೋ. ಉಳಿದಿದ್ದೆಲ್ಲ ಬಿಡು."

ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ! ಮೂರು, ನಾಲ್ಕು, ಎಕ್ಕ, ರಾಣಿ, ನಾನು ಹೇಳಿ ಮುಗಿಸುವುದರೊಳಗೆ ಉತ್ತರ ಸಿದ್ಧ. ಗೆದ್ದಾಗಲೆಲ್ಲ ಯಂತ್ರ ಎಷ್ಟರಷ್ಟು ಕೊಟ್ಟಿತೋ ಅಷ್ಟು ಸಲ ಕುಕ್ ಕುಕ್ ಎನ್ನುತ್ತಿತ್ತು. ಎರಡು ಜೋಡಿಗೆ ಎರಡು ಕುಕ್. ಮೂರು ಒಂದೇ ಥರ ಬಂದರೆ ಮೂರು ಕುಕ್. ಇದು ನನ್ನ ತಲೆಗೆ ಹೊಳೆದದ್ದು ಹತ್ತು ನಿಮಿಷದ ಮೇಲೆ. ಫುಲ್ ಹೌಸ್ ಏನಾದರೂ ಬಂದರೆ ಇದು ಎಂಟು ಸಲ ಕೂಗುತ್ತದೆ!

ಅಲ್ಲಿಂದ ಮುಂದೆ ಜೂಜಿನ ಚರಿತ್ರೆಯಲ್ಲೇ ಯಾರೂ ಮಾಡಿರದ ಪ್ರಾರ್ಥನೆಯನ್ನು ನಾನು ಮಾಡತೊಡಗಿದೆ. ಒಳ್ಳೆಯ ಎಲೆ ಬಾರದಿರಲಿ, ತಂದೆ. ಎರಡು ಜೋಡಿ ಬಂದರೆ ಕಣ್ಣು ಮುಚ್ಚಿಕೊಂಡೇ ಬಟನ್ ಒತ್ತುತ್ತಿದ್ದೆ, ಐದನೆಯ ಎಲೆ ಕೂಡಿದರೆ ಫುಲ್ ಹೌಸ್. ಒಂದು ಸಲ ನಾಲ್ಕು ಆಟೀನು ಬಂತು. ಇನ್ನೊಂದು ಆಟೀನು ಬಂದರೆ ಫ್ಲಶ್, ಆರರ ಬದಲು ಐದು ಕುಕ್. ಬಟನ್ ಒತ್ತಿದೆ. ಕಳಾವರ್ ಬಂತು. ನನ್ನ ಎದೆಯಿಂದ ಹೊರಟ ಉಸಿರು ಪಕ್ಕದ ಯಂತ್ರದವನಿಗೂ ಕೇಳಿಸಿರಬೇಕು.

ಅಣ್ಣ ನನ್ನ ಕೈ ತಟ್ಟಿದ. "ಬೇಜಾರು ಮಾಡ್ಕೋಬೇಡ. ಬರತ್ತೆ."

ಬರತ್ತೆ! ಅದೇ ನನ್ನ ಭಯ.

ಅಷ್ಟರಲ್ಲಿ ಹಡಗಿನ ಒಬ್ಬ ಹೆಂಗಸು ಬಂದು ನಿಂತಳು. ಕೂತವನು ಒಬ್ಬ, ಒತ್ತುವವಳು ಇನ್ನೊಬ್ಬಳು. ಎಲ್ಲ ಸರಿಯಾಗಿದೆಯೇ ಎಂದು ಸ್ವೀಡಿಶಿನಲ್ಲಿ ಕೇಳಿದಳು. ನಾನೂ ಸ್ವೀಡಿಶಿನಲ್ಲೇ, ಇವರು ನನ್ನ ಅಣ್ಣ, ಇವರಿಗೆ ಕಣ್ಣು ಕಾಣುವುದಿಲ್ಲ, ಅದು ನನಗೆ ಗೊತ್ತೆಂದು ಇವರಿಗೆ ಗೊತ್ತಿಲ್ಲ ಎಂದೆ. ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಯಾರಿಗೆ, ಯಾವ ಭಾಷೆಯಲ್ಲಿ ಹೇಳಿದೆ ನೋಡಿ! ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಹೋಗಿ ಎರಡು ಲೋಟ ಕಾಫಿ ತಂದಿಟ್ಟು ಹೊರಟುಹೋದಳು.

"ಏನಂತೆ?" ಎಂದ ಅಣ್ಣ.

"ಕಾಫಿ ಬೇಕಾ ಅಂತ."

"ಹೂಂ. ಒಳ್ಳೇ ಹಡಗು."

ಆಮೇಲೆ ಬಂತು ರಾಜನ ಜೋಡಿ, ಏಳರ ಜೋಡಿ. ನಾಲ್ಕೂ ಇಟ್ಕೋ ಎಂದ ಅಣ್ಣ. ಏನಾಯಿತೋ ನನಗೆ, ಧೈರ್ಯ ಸಾಲಲಿಲ್ಲ. ಒಬ್ಬ ರಾಜನನ್ನು ಬಿಟ್ಟುಬಿಟ್ಟೆ. ರಾಜನ ಜಾಗಕ್ಕೆ ಬಂದದ್ದು ಇನ್ನೊಂದು ಏಳು. ಕುಕ್ ಕುಕ್ ಕುಕ್.

ಅಣ್ಣ ಯಂತ್ರದ ಕಡೆ ಕಿವಿ ವಾಲಿಸಿದ. "ಏನು ಬಂತು?" ಎಂದ ನಿಧಾನವಾಗಿ.

"ಏನಿಲ್ಲ. ಅದೇ ಎರಡು ಜೋಡಿ."

"ಹೂಂ. ಮುಂದೆ ಆಡು."

ಕೇಳಿಸಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡೆ. ದ್ವೀಪ ಬಂತು, ಹಡಗು ತಿರುಗಿತು. ಮಧ್ಯಾಹ್ನದ ಬೆಳಕು ಆಗಲೇ ಕಂದುತ್ತಿತ್ತು. ಆಗ ಯಂತ್ರ ಮೊದಲ ಸಲಕ್ಕೇ, ಬದಲಿಸುವ ಪ್ರಶ್ನೆಯೇ ಇಲ್ಲದಂತೆ, ಮೂರು ರಾಣಿ ಎರಡು ನಾಲ್ಕು ಹಾಕಿತು. ಬಿಡಲು ಏನೂ ಇರಲಿಲ್ಲ. ಒಂದೊಂದಾಗಿ ಓದಿದೆ.

"ಆಟೀನ್ ರಾಣಿ, ಇಸ್ಪೀಟ್ ರಾಣಿ, ಡೈಮನ್ ನಾಲ್ಕು, ಕಳಾವರ್ ರಾಣಿ, ಆಟೀನ್ ನಾಲ್ಕು."

ಅಣ್ಣ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಬೆನ್ನು ನೇರ ಮಾಡಿದ. "ಐದೂ ಇಟ್ಕೋ," ಎಂದ.

ಒತ್ತಿದೆ. ನಾನು ಎಣಿಸಿದೆ. ಅವನ ತುಟಿಯೂ ಎಣಿಸುತ್ತಿತ್ತು. ಎಂಟನೆಯ ಕುಕ್ ಆದ ಮೇಲೆ ಅದು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಆಚೆ ಡ್ಯಾನ್ಸ್‌ನವರ ಹಾಡು ಮುಗಿದು ಚಪ್ಪಾಳೆ ಬಿದ್ದದ್ದು ಕೇಳಿಸಿತು. ಅಣ್ಣನ ತುಟಿ ಮಾತ್ರ ಇನ್ನೊಂದಕ್ಕಾಗಿ ಕಾದು, ನಿಧಾನವಾಗಿ ಮುಚ್ಚಿಕೊಂಡಿತು.

ಎದ್ದು ಹೋಗುತ್ತಾನೆ ಎಂದುಕೊಂಡೆ. ಕಳ್ಳ ಯಂತ್ರದ ಮುಂದೆ ಅವನು ಅರ್ಧ ನಿಮಿಷ ನಿಂತದ್ದಿಲ್ಲ. ಆದರೆ ಅವನು, "ಮುಂದೆ ಆಡು, ಕಾನ್ವೆಂಟು," ಎಂದ. ದಡ ಕಾಣುವವರೆಗೆ ಆಡಿಸಿದ. ಪ್ರತಿ ಎಲೆಗೂ ಮೊದಲಿನಷ್ಟೇ ಶ್ರದ್ಧೆಯಿಂದ ಇಟ್ಕೋ, ಬಿಡು ಎನ್ನುತ್ತಾ. ಹಾಕಿದ್ದರಲ್ಲಿ ಸುಮಾರು ಹೋಯಿತು. ಅಂತೂ ನಮ್ಮಣ್ಣ ಜೂಜಿನಲ್ಲಿ ಸೋತ!

ಇಳಿಯುವ ಮೊದಲು ಡೆಕ್ಕಿನ ಮೇಲೆ ಬಂದು ನಿಂತೆವು. ಚೂರಿಯಂಥ ಗಾಳಿ. ಅಣ್ಣ ಮಫ್ಲರನ್ನು ಬಿಗಿ ಮಾಡಿಕೊಂಡು ನೀರಿನ ಕಡೆಗೇ ಮುಖ ಮಾಡಿ ಮಾತಾಡಿದ.

"ಎರಡು ಜೋಡಿ ಇಟ್ಕೊಂಡೋನಿಗೆ ಎರಡು ಬರ್ಬೇಕು, ಇಲ್ಲಾ ಒಂಬತ್ತು ಬರ್ಬೇಕು. ಮೂರು ಬರೋ ದಾರೀನೇ ಇಲ್ಲ. ನಿನ್ನ ಬೆರಳು ಜಾರಿತು ಅಂದ್ಕೊಂಡೆ. ಆಮೇಲೆ ಎಂಟು ಬಂತಲ್ಲ, ಯಾಕೆ ಜಾರಿತು ಅಂತ ಗೊತ್ತಾಯ್ತು."

ನನಗೆ ಅಳು ಬಂತು. ಕಾರ್ಡುಗಳ ಕಟ್ಟು ನೋಡಿದೆ ಎಂದೆ. ಅವನು ತಲೆಯಾಡಿಸಿದ.

"ಗೊತ್ತಾದ ಮೇಲೂ ಯಾಕೆ ಆಡಿದೆ ಅಣ್ಣ? ಮೋಸದ ಯಂತ್ರ."

"ನಾನು ಮೂವತ್ತೆಂಟು ವರ್ಷ ಕಂಪನಿ ಕಡೆಗೆ ಟೇಬಲ್ ತಿದ್ದಿದೋನು. ನನ್ನ ಕಡೆಗೆ ಯಾರೂ ಒಂದು ಸಾಲೂ ತಿದ್ದಿರ್ಲಿಲ್ಲ ಕಣೇ." ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. "ಅದಕ್ಕೆ ಕೂತೆ."

ಮಿಕ್ಕಿದ್ದನ್ನೂ ಆಗಲೇ ಹೇಳಿದ. ಅಂಚೆಲ್ಲ ಕಾಣುತ್ತದಂತೆ, ನಡುವೆ ಮಾತ್ರ ಬೂದಿ ಮೆತ್ತಿದಂತೆ. ಸೈಕಲ್ಲು ಕಾಣುತ್ತದೆ, ಸೈಕಲ್ಲಿನವನ ಮೂಗು ಕಾಣುವುದಿಲ್ಲ. ನನ್ನ ಕಿವಿಯ ಓಲೆ ಕಾಣುತ್ತದೆ, ಕೂದಲು ಪೂರ್ತಿ ಬೆಳ್ಳಗಾಗಿದ್ದು ಕಾಣುತ್ತದೆ. ಮುಖ ಇಲ್ಲ. ಅರ್ಜಿಯಲ್ಲಿ ಬರೆದ ಉದ್ದೇಶ ಸುಳ್ಳು ಎಂದೂ ಹೇಳಿದ. ಜೀವನದಲ್ಲಿ ಅವನು ಬರೆದ ಒಂದೇ ಒಂದು ಸುಳ್ಳು ಲೆಕ್ಕವಂತೆ ಅದು. ತಂಗಿಯ ಮುಖ ನೋಡಲು ಹೋಗುತ್ತಿದ್ದೇನೆ ಎಂದು ಅಪರಿಚಿತ ಏಜೆಂಟನ ಮುಂದೆ ಹೇಳಲು ನಾಚಿಕೆಯಾಯಿತಂತೆ.

"ಬೇಸಿಗೇಲಿ ಬಂದಿದ್ರೆ ಕಾಣ್ತಿತ್ತು," ಎಂದ. "ಲೆಕ್ಕ ಸರಿಯಾಗೇ ಹಾಕಿದ್ದೆ. ವಾದ ಮಾಡ್ಕೊಂಡು ಕೂತೆ."

ನಾನು ಅವನ ಕೈಯನ್ನು ಎಳೆದು ನನ್ನ ಮುಖದ ಮೇಲಿಟ್ಟುಕೊಂಡೆ. ವಿಮಾ ಕಚೇರಿಯ ಒರಟು ಬೆರಳು. ಹಣೆ, ಹುಬ್ಬು, ಒದ್ದೆ ಕೆನ್ನೆ ಎಲ್ಲ ಮುಟ್ಟಿ ನೋಡಿ, ಅಮ್ಮನ ಮೂಗು ನಿನಗೇ ಬಂದಿದೆ, ಅನ್ಯಾಯ ಎಂದ.

ನಾಲ್ಕು ದಿನಗಳ ನಂತರ ಅರ್ಲಾಂಡಾ ವಿಮಾನ ನಿಲ್ದಾಣ. ಹಳದಿ ಜಾಕೆಟ್ಟಿನ ಎತ್ತರದ ಹುಡುಗಿಯೊಬ್ಬಳು ಸಹಾಯಕ್ಕೆ ಬಂದಳು. ಬೇಡವೆಂದು ಹಟ ಮಾಡುತ್ತಾನೆಂದು ನಾನೂ ವೀಣಾಳೂ ಮಾತುಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆವು. ಅವನು ತಾನಾಗಿಯೇ ಅವಳ ತೋಳು ಹಿಡಿದುಕೊಂಡ. ಸೆಕ್ಯುರಿಟಿಯ ಗೆರೆಯಿಂದ ಆಚೆ ನಮಗೆ ಪ್ರವೇಶವಿಲ್ಲ. ಬೀಳ್ಕೊಡಲು ಬಂದವರೆಲ್ಲ ಅಲ್ಲೇ ಸಾಲಾಗಿ ನಿಂತಿದ್ದೆವು. ನವೆಂಬರಿನಲ್ಲಿ ಈ ದೇಶದಲ್ಲಿ ಎಲ್ಲರದೂ ಕಪ್ಪು ಕೋಟು. ನನ್ನದೂ ಅಷ್ಟೇ.

ಆಚೆ ತುದಿ ತಲುಪಿ ಅಣ್ಣ ತಿರುಗಿದ. ಕೈಯೆತ್ತಿ ಬೀಸಿದ. ಬಾಯ್ತುಂಬ ನಗು. ಆದರೆ ಬೀಸಿದ್ದು ನನಗಲ್ಲ. ನನ್ನ ಎಡಕ್ಕೆ ಏಳೆಂಟು ಮಾರು ದೂರದಲ್ಲಿ ನಿಂತಿದ್ದ, ನನ್ನಷ್ಟೇ ಗಿಡ್ಡ, ನನ್ನಷ್ಟೇ ಬೆಳ್ಳಿ ತಲೆಯ ಯಾರೋ ಒಬ್ಬ ಅಪರಿಚಿತ ಹೆಂಗಸಿಗೆ. ಆ ಪುಣ್ಯಾತ್ಗಿತ್ತಿ ಒಮ್ಮೆ ಹಿಂದೆ ತಿರುಗಿ ನೋಡಿ, ಮರ್ಯಾದೆಗೆ ತಾನೂ ಅನುಮಾನಿಸುತ್ತಾ ಕೈಯೆತ್ತಿದಳು. ಅಣ್ಣ ಇನ್ನೂ ಜೋರಾಗಿ ಬೀಸಿದ.

ವೀಣಾ ಮಾಮ ಎಂದು ಕೂಗಲು ಬಾಯಿ ತೆರೆದಳು. ನಾನು ಅವಳ ತೋಳು ಹಿಂಡಿದೆ. ಆಮೇಲೆ ಓಡಿದೆ. ಎಪ್ಪತ್ತನಾಲ್ಕರ ಈ ಮಂಡಿಗಳಲ್ಲಿ, ಯಾರದೋ ಸೂಟ್‌ಕೇಸ್ ದಾಟಿ, ಯಾರದೋ ಮಗುವಿನ ಗಾಡಿ ಸರಿಸಿ, ಕ್ಷಮಿಸಿ ಕ್ಷಮಿಸಿ ಎಂದು ಎರಡು ಭಾಷೆಗಳಲ್ಲಿ ಹೇಳುತ್ತಾ ಹೋಗಿ, ಆ ಹೆಂಗಸಿನ ಮುಂದೆ ಅಡ್ಡವಾಗಿ ನಿಂತುಕೊಂಡೆ. ಎರಡೂ ಕೈ ಮೇಲೆತ್ತಿದೆ.

ಅವನನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ. ಕೈ ಬೀಸುತ್ತಲೇ ಇದ್ದ, ನೇರವಾಗಿ ನನ್ನ ಕಡೆಗೆ.